ಹೊಗೆ ಕಮ್ಮಿಯಾದರೆ ವಿಷವೂ ಕಮ್ಮಿಯಾಗುತ್ತಾ?

ಪ್ರಶ್ನೆ: ನಮ್ಮದು ಅರಸೀಕೆರೆ ಹತ್ತಿರದ ಹಳ್ಳಿ. ಸಣ್ಣ ಹಿಟ್ಟಿನ ಗಿರಣಿ ಇದೆ. ಕರೆಂಟ್ ಹೋದಾಗ ಹಳೇ ಡೀಸೆಲ್ ಎಂಜಿನ್ ಓಡಿಸುತ್ತೇವೆ. ಗಿರಣಿ ಹಿಂದೆಯೇ ಮನೆ. ಅಮ್ಮನಿಗೆ ಉಬ್ಬಸ ಇದೆ. ಊರಲ್ಲಿ ಹೊಂಗೆ ಬೀಜ ಬೇಕಾದಷ್ಟು ಸಿಗುತ್ತದೆ. ಬಯೋಡೀಸೆಲ್ ಹಾಕಿದರೆ ಹೊಗೆಯೇ ಇರುವುದಿಲ್ಲ ಎಂದು ಪರಿಚಯದವರು ಹೇಳುತ್ತಾರೆ. ಅದರಿಂದ ನೈಟ್ರೋಜನ್ ಅನಿಲ ಜಾಸ್ತಿ ಬರುತ್ತದೆ, ಅದು ಕಣ್ಣಿಗೆ ಕಾಣದ ವಿಷ ಎಂದು ನನ್ನ ಅಳಿಯ ಹೇಳುತ್ತಾರೆ. ಯಾರ ಮಾತು ಸರಿ? ಗಾಣದ ಎಣ್ಣೆಯನ್ನೇ ನೇರವಾಗಿ ಹಾಕಬಹುದಾ? ಮನೆಯಲ್ಲಿ ಬಿಎಸ್6 ಪಿಕಪ್ ಕೂಡ ಇದೆ, ಅದಕ್ಕೂ ನಡೆಯುತ್ತಾ?

ಉತ್ತರ: ಇಬ್ಬರ ಮಾತಿನಲ್ಲೂ ಸತ್ಯ ಇದೆ. ಆದರೆ ಇಬ್ಬರೂ ಇಂಧನದ ಬಗ್ಗೆ ಮಾತ್ರ ಹೇಳಿದ್ದಾರೆ, ನಿಮ್ಮ ಎಂಜಿನ್ ಬಗ್ಗೆ ಹೇಳಿಲ್ಲ. ಸೈಲೆನ್ಸರ್‌ನಿಂದ ಏನು ಬರುತ್ತದೆ ಅನ್ನುವುದು ಇಂಧನ ಒಂದರ ಮೇಲೆ ನಿಂತಿಲ್ಲ. ಅದನ್ನು ಸುಡುವ ಎಂಜಿನ್ ಎಂಥದ್ದು, ಇಂಧನ ಸಿಂಪಡಿಸುವ ನಾಝಲ್ ಹೇಗಿದೆ, ಬಯೋಡೀಸೆಲ್ ಸರಿಯಾಗಿ ತಯಾರಾಗಿದೆಯಾ, ಎಲ್ಲವೂ ಲೆಕ್ಕಕ್ಕೆ ಬರುತ್ತದೆ.

ಉತ್ತರದ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಗಿರಣಿ ಎಂಜಿನ್‌ಗೆ, ಪರೀಕ್ಷೆ ಆಗಿರುವ ಬಯೋಡೀಸೆಲ್ಲನ್ನು ನೂರಕ್ಕೆ ಇಪ್ಪತ್ತು ಪಾಲು ಬೆರೆಸಿ ಹಾಕಬಹುದು. ನಾಝಲ್ ಸರಿ ಇದ್ದರೆ ಮಸಿ ಕಡಿಮೆಯಾಗುತ್ತದೆ. ಗಾಣದ ಎಣ್ಣೆ ನೇರವಾಗಿ ಬೇಡವೇ ಬೇಡ. ಪಿಕಪ್‌ಗೆ ಬಂಕಿನ ಡೀಸೆಲ್ ಬಿಟ್ಟು ಇನ್ನೇನೂ ಹಾಕಬೇಡಿ. ಅಮ್ಮನ ಉಬ್ಬಸದ ವಿಷಯಕ್ಕೆ ಬಂದರೆ, ಯಾವ ಇಂಧನ ಹಾಕಿದರೂ ಸರಿ, ಮೊದಲು ಸೈಲೆನ್ಸರ್ ಪೈಪು ಮನೆಯಿಂದ ದೂರ ಹೋಗಬೇಕು. ಯಾಕೆ ಅನ್ನುವುದನ್ನು ಈಗ ನೋಡೋಣ.

ಹೊಂಗೆ ಎಣ್ಣೆ ಬೇರೆ, ಹೊಂಗೆ ಬಯೋಡೀಸೆಲ್ ಬೇರೆ. ಹಳ್ಳಿಗಳಲ್ಲಿ ಎರಡನ್ನೂ ಒಂದೇ ಹೆಸರಲ್ಲಿ ಕರೆಯುತ್ತಾರೆ, ಅಲ್ಲಿಂದಲೇ ತೊಂದರೆ ಶುರು. 1900ರಲ್ಲಿ ಪ್ಯಾರಿಸ್‌ನ ವಸ್ತುಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತ್ತು ನಿಜ. ಎಣ್ಣೆಯಿಂದ ಎಂಜಿನ್ ಓಡುವುದರಲ್ಲಿ ಅನುಮಾನ ಇಲ್ಲ. ಆದರೆ ಎಣ್ಣೆ ಬಹಳ ಮಂದ. 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆದರೆ ಡೀಸೆಲ್ಲಿನ ಮಂದ 2ರಿಂದ 4.5 ಸೆಂಟಿಸ್ಟೋಕ್ಸ್. ಹೊಂಗೆ ಎಣ್ಣೆಯದು 40ರ ಆಸುಪಾಸು. ಇಷ್ಟು ಮಂದವಾದ ಎಣ್ಣೆಯನ್ನು ನಾಝಲ್ ನುಣ್ಣಗೆ ಸಿಂಪಡಿಸಲಾರದು. ದಪ್ಪ ಹನಿಗಳು ಅರೆಬರೆ ಸುಟ್ಟು ಕರಿ ಹೊಗೆ ಜಾಸ್ತಿಯಾಗುತ್ತದೆ. ನಾಝಲ್ ಬಾಯಿಗೆ ಕಿಟ್ಟ ಕಟ್ಟುತ್ತದೆ, ಪಿಸ್ಟನ್ ರಿಂಗ್ ಅಂಟಿಕೊಳ್ಳುತ್ತದೆ, ಸುಡದೆ ಉಳಿದ ಎಣ್ಣೆ ಎಂಜಿನ್ ಆಯಿಲ್‌ಗೆ ಇಳಿದು ಅದನ್ನು ಗಟ್ಟಿ ಮಾಡುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಉಡುಪಿ ಶ್ರೀನಿವಾಸ ಅವರು ‘ಸೂತ್ರ’ ಯೋಜನೆಯಲ್ಲಿ ಕಗ್ಗನಹಳ್ಳಿಯ ಜನರೇಟರ್‌ಗಳನ್ನು ಹೊಂಗೆ ಎಣ್ಣೆಯಲ್ಲೇ ಓಡಿಸಿ ಬೋರ್‌ವೆಲ್ ನೀರೆತ್ತಿಸಿದ್ದರು. ಹೊಂಗೆಯನ್ನು ಇಂಧನವಾಗಿ ನೋಡುವುದನ್ನು ನಮ್ಮ ರಾಜ್ಯಕ್ಕೆ ಕಲಿಸಿದ ಕೆಲಸ ಅದು, ನನಗೆ ಅದರ ಮೇಲೆ ತುಂಬಾ ಗೌರವ ಇದೆ. ಆದರೆ ಅದು ಪರಿಣತರ ನಿಗಾ ಇದ್ದ ಯೋಜನೆ. ಒಂದೇ ಎಂಜಿನ್ ನಂಬಿಕೊಂಡ ಗಿರಣಿಯವರು ಆ ದಾರಿ ಹಿಡಿಯಬಾರದು.

ಎಣ್ಣೆಯನ್ನು ಬಯೋಡೀಸೆಲ್ ಮಾಡುವುದು ಎಂದರೆ ಅದರ ಅಣುವನ್ನು ಬಿಡಿಸುವುದು. ಒಂದು ಗ್ಲಿಸರಿನ್‌ಗೆ ಮೂರು ಕೊಬ್ಬಿನ ಆಮ್ಲಗಳು ಅಂಟಿಕೊಂಡರೆ ಅದು ಎಣ್ಣೆ. ಮೆಥನಾಲ್ ಮತ್ತು ಸ್ವಲ್ಪ ಕಾಸ್ಟಿಕ್ ಹಾಕಿ ಬಿಸಿ ಮಾಡಿ ಕಲಕಿದರೆ ಆ ಮೂರೂ ಕಳಚಿಕೊಂಡು ಮೆಥನಾಲ್ ಜೊತೆ ಸೇರುತ್ತವೆ. ಗ್ಲಿಸರಿನ್ ಭಾರವಾಗಿ ತಳಕ್ಕೆ ಇಳಿಯುತ್ತದೆ. ಮೇಲೆ ನಿಂತಿದ್ದನ್ನು ತೊಳೆದು, ಒಣಗಿಸಿದರೆ ಬಯೋಡೀಸೆಲ್. ಈಗ ಅದರ ಮಂದ ಹೆಚ್ಚುಕಡಿಮೆ ಡೀಸೆಲ್ಲಿನ ಹತ್ತಿರ ಬಂದಿರುತ್ತದೆ. ಹೊಂಗೆಯಲ್ಲಿ ಇನ್ನೊಂದು ಕಷ್ಟ ಇದೆ. ಬೀಜ ಹಳತಾದರೆ, ಮಳೆಗೆ ನೆಂದರೆ ಎಣ್ಣೆಯಲ್ಲಿ ಬಿಡಿ ಆಮ್ಲ ಏರುತ್ತದೆ. ಅದಕ್ಕೆ ನೇರ ಕಾಸ್ಟಿಕ್ ಹಾಕಿದರೆ ಸಿಗುವುದು ಸಾಬೂನು. ಅದಕ್ಕೇ ಮೊದಲು ಆಸಿಡ್ ಹಾಕಿ ಒಂದು ಹಂತ, ಆಮೇಲೆ ಕಾಸ್ಟಿಕ್ ಹಾಕಿ ಇನ್ನೊಂದು ಹಂತ ಮಾಡುತ್ತಾರೆ. ಇದು ಅಡುಗೆಮನೆ ಕೆಲಸ ಅಲ್ಲ. ಮೆಥನಾಲ್ ಕುಡಿದರೆ ಕಣ್ಣು ಹೋಗುತ್ತದೆ, ಜೀವವೂ ಹೋಗುತ್ತದೆ. ಅದಕ್ಕೆ ಹೊತ್ತಿಕೊಂಡ ಬೆಂಕಿ ಹಗಲಲ್ಲಿ ಕಣ್ಣಿಗೂ ಸರಿಯಾಗಿ ಕಾಣುವುದಿಲ್ಲ. ದಯವಿಟ್ಟು ಮನೆಯಲ್ಲಿ ಪ್ರಯೋಗ ಮಾಡಬೇಡಿ. ನಿಮ್ಮ ಜಿಲ್ಲೆಯಲ್ಲೇ, ಹಾಸನದ ಹತ್ತಿರ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನ ಇದೆ. ಬೀಜದಿಂದ ಬಯೋಡೀಸೆಲ್‌ವರೆಗಿನ ಕೆಲಸದ ಬಗ್ಗೆ ಅಲ್ಲಿ ವಿಚಾರಿಸಿ.

ಈಗ ಹೊಗೆಯ ವಿಷಯ. ಡೀಸೆಲ್ ಎಂಜಿನ್ ಉಗುಳುವುದರಲ್ಲಿ ಮುಖ್ಯವಾದವು ನಾಲ್ಕು. ಮಸಿ ಮತ್ತು ಅದಕ್ಕೆ ಅಂಟಿದ ಸೂಕ್ಷ್ಮ ಕಣಗಳು, ನೈಟ್ರೋಜನ್ ಆಕ್ಸೈಡ್‌ಗಳು, ಕಾರ್ಬನ್ ಮೊನಾಕ್ಸೈಡ್, ಸುಡದೆ ಉಳಿದ ಹೈಡ್ರೋಕಾರ್ಬನ್. ಇವುಗಳಲ್ಲಿ ಕಣ್ಣಿಗೆ ಕಾಣುವುದು ಮಸಿ ಮಾತ್ರ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಹಾಗಾಗಿ ಮಸಿ ಕಡಿಮೆಯಾಗುವುದು ಸಣ್ಣ ಲಾಭ ಅಲ್ಲ.

ಮಸಿ ಯಾಕೆ ಬರುತ್ತದೆ? ಸೀಮೆಎಣ್ಣೆ ಬುಡ್ಡಿಯ ಬತ್ತಿ ಏರಿಸಿದರೆ ಗಾಜು ಕಪ್ಪಾಗುತ್ತದಲ್ಲ, ಅದೇ ಕಾರಣ. ಉರಿಯ ಒಳಗೆ ಗಾಳಿ ಸಾಲದ ಕಡೆ ಇಂಧನ ಪೂರ್ತಿ ಸುಡದೆ ಇಂಗಾಲವಾಗಿ ಉಳಿಯುತ್ತದೆ. ಎಂಜಿನ್ ಒಳಗೂ ಸಿಂಪಡಿಸಿದ ಇಂಧನದ ನಡುಭಾಗಕ್ಕೆ ಗಾಳಿ ತಲುಪುವುದಿಲ್ಲ. ಡೀಸೆಲ್ಲಿನಲ್ಲಿ ಬರೀ ಇಂಗಾಲ ಮತ್ತು ಹೈಡ್ರೋಜನ್. ಬಯೋಡೀಸೆಲ್ಲಿನ ತೂಕದಲ್ಲಿ ಸುಮಾರು ನೂರಕ್ಕೆ ಹತ್ತು ಪಾಲು ಆಮ್ಲಜನಕ. ಅದು ಇಂಧನದ ಅಣುವಿನಲ್ಲೇ ಇರುವುದರಿಂದ ಗಾಳಿ ತಲುಪದ ಜಾಗಕ್ಕೂ ತಲುಪುತ್ತದೆ. ಇನ್ನೊಂದು ಕಾರಣ, ಡೀಸೆಲ್ಲಿನಲ್ಲಿ ಅರೋಮ್ಯಾಟಿಕ್ ಅನ್ನುವ ಉಂಗುರದ ಆಕಾರದ ಅಣುಗಳಿವೆ. ಮಸಿ ಬೆಳೆಯುವುದು ಅಂಥ ಉಂಗುರಗಳ ಮೇಲೆಯೇ. ಬಯೋಡೀಸೆಲ್ಲಿನಲ್ಲಿ ಅವು ಇಲ್ಲ.

ಎಷ್ಟು ಕಡಿಮೆಯಾಗುತ್ತದೆ? ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2002ರಲ್ಲಿ ಅಲ್ಲಿಯವರೆಗಿನ ಪರೀಕ್ಷೆಗಳನ್ನೆಲ್ಲ ಸೇರಿಸಿ ಲೆಕ್ಕ ಹಾಕಿತು. ಸೋಯಾ ಬಯೋಡೀಸೆಲ್ 20 ಪಾಲು ಬೆರೆಸಿದಾಗ ಕಣಗಳು ಶೇ 10, ಹೈಡ್ರೋಕಾರ್ಬನ್ ಶೇ 21, ಕಾರ್ಬನ್ ಮೊನಾಕ್ಸೈಡ್ ಶೇ 11 ಕಡಿಮೆಯಾದವು. ನೈಟ್ರೋಜನ್ ಆಕ್ಸೈಡ್ ಶೇ 2 ಜಾಸ್ತಿಯಾಯಿತು. ಪೂರ್ತಿ ಬಯೋಡೀಸೆಲ್ ಹಾಕಿದಾಗ ಕಣಗಳು ಶೇ 47, ಹೈಡ್ರೋಕಾರ್ಬನ್ ಶೇ 67, ಕಾರ್ಬನ್ ಮೊನಾಕ್ಸೈಡ್ ಶೇ 48 ಇಳಿದವು, ನೈಟ್ರೋಜನ್ ಆಕ್ಸೈಡ್ ಶೇ 10 ಏರಿತು. ನಿಮ್ಮ ಪರಿಚಯದವರು ಈ ಪಟ್ಟಿಯ ಒಂದು ತುದಿ ಹಿಡಿದಿದ್ದಾರೆ, ಅಳಿಯ ಇನ್ನೊಂದು ತುದಿ. ‘ಹೊಗೆಯೇ ಇರುವುದಿಲ್ಲ’ ಅನ್ನುವುದು ಮಾತ್ರ ಸುಳ್ಳು. ಪೂರ್ತಿ ಬಯೋಡೀಸೆಲ್ ಹಾಕಿದರೂ ಅರ್ಧದಷ್ಟು ಕಣ ಉಳಿಯುತ್ತದೆ.

ಆದರೆ ಇಲ್ಲಿಗೆ ನಿಲ್ಲಿಸಿದರೆ ನಿಮಗೆ ತಪ್ಪು ದಾರಿ ತೋರಿಸಿದಂತಾಗುತ್ತದೆ. ಆ ಲೆಕ್ಕ ಲಾರಿ, ಬಸ್ಸಿನ ದೊಡ್ಡ ಎಂಜಿನ್‌ಗಳದ್ದು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬ್‌ಗಳಲ್ಲಿ ಇರುವುದು ಒಂದು ಸಿಲಿಂಡರಿನ, 1500 ಆರ್‌ಪಿಎಂನ ಕಿರ್ಲೋಸ್ಕರ್ ಎಂಜಿನ್. ನಿಮ್ಮ ಗಿರಣಿ ಎಂಜಿನ್‌ಗೆ ಹತ್ತಿರದ ನೆಂಟ ಅದು. ಅದರಲ್ಲಿ ಹೊಂಗೆ ಬಯೋಡೀಸೆಲ್ ಪರೀಕ್ಷಿಸಿದ ಎಷ್ಟೋ ಪ್ರಯೋಗಗಳಲ್ಲಿ ಫಲಿತಾಂಶ ಉಲ್ಟಾ ಬಂದಿದೆ. ಹೊಗೆ ಮತ್ತು ಕಾರ್ಬನ್ ಮೊನಾಕ್ಸೈಡ್ ಡೀಸೆಲ್‌ಗಿಂತ ಸ್ವಲ್ಪ ಜಾಸ್ತಿ, ನೈಟ್ರೋಜನ್ ಆಕ್ಸೈಡ್ ಕಡಿಮೆ! ಇದನ್ನು ನೋಡಿ ವಿದ್ಯಾರ್ಥಿಗಳು ಗಾಬರಿಯಾಗುತ್ತಾರೆ, ಎಲ್ಲೋ ಅಳತೆ ತಪ್ಪಿದೆ ಅಂದುಕೊಳ್ಳುತ್ತಾರೆ. ಅಳತೆ ಸರಿಯಾಗಿಯೇ ಇರುತ್ತದೆ. ಈ ಸಣ್ಣ ಎಂಜಿನ್‌ಗಳ ನಾಝಲ್ ಸುಮಾರು 200 ಬಾರ್ ಒತ್ತಡಕ್ಕೆ ತೆರೆಯುತ್ತದೆ. ಇವತ್ತಿನ ಕಾಮನ್ ರೈಲ್ ಎಂಜಿನ್‌ಗಳಲ್ಲಿ ಸಾವಿರ ಬಾರ್‌ಗಿಂತ ಎಷ್ಟೋ ಮೇಲಿನ ಒತ್ತಡ ಇರುತ್ತದೆ. ಕಡಿಮೆ ಒತ್ತಡದಲ್ಲಿ, ಡೀಸೆಲ್‌ಗಿಂತ ಒಂಚೂರು ಮಂದವಾದ ಹೊಂಗೆ ಬಯೋಡೀಸೆಲ್ ನುಣ್ಣಗೆ ಒಡೆಯುವುದಿಲ್ಲ. ಇಂಧನ ಸರಿಯಾಗಿ ಸುಡದಿದ್ದರೆ ಒಳಗಿನ ಬಿಸಿಯೂ ಏರುವುದಿಲ್ಲ, ಹಾಗಾಗಿ ನೈಟ್ರೋಜನ್ ಆಕ್ಸೈಡ್ ಕೂಡ ಕಡಿಮೆ. ನಾಝಲ್ ಒತ್ತಡವನ್ನು ಸ್ವಲ್ಪ ಏರಿಸಿ, ಟೈಮಿಂಗ್ (ಇಂಧನ ಸಿಂಪಡಿಸುವ ಹೊತ್ತು) ಸರಿಮಾಡಿದಾಗ ಅದೇ ಎಂಜಿನ್‌ನಲ್ಲಿ ಅದೇ ಇಂಧನದ ಹೊಗೆ ಇಳಿದಿದೆ.

ಇದಕ್ಕೇ ನಾನು ಇಂಧನಕ್ಕಿಂತ ಮೊದಲು ನಾಝಲ್ ನೋಡಿ ಅನ್ನುವುದು. ಅರಸೀಕೆರೆಯಲ್ಲೋ ತಿಪಟೂರಿನಲ್ಲೋ ಡೀಸೆಲ್ ಪಂಪ್ ಸರ್ವಿಸ್ ಮಾಡುವ ಅಂಗಡಿಗೆ ನಾಝಲ್ ಬಿಚ್ಚಿಕೊಂಡು ಹೋಗಿ. ಪಕ್ಕದಲ್ಲೇ ನಿಂತು ನೋಡಿ. ಮೆಕ್ಯಾನಿಕ್ ಅದನ್ನು ಟೆಸ್ಟರ್‌ಗೆ ಕಚ್ಚಿಸಿ ಕೈಯಲ್ಲಿ ಲಿವರ್ ಒತ್ತುತ್ತಾರೆ. ಮೀಟರಿನ ಮುಳ್ಳು ಏರುತ್ತಾ ಹೋಗಿ, ಹೇಳಿದ ಒತ್ತಡ ತಲುಪಿದ ಕೂಡಲೇ ನಾಝಲ್ ಕಿರ್ ಕಿರ್ ಎಂದು ಸದ್ದು ಮಾಡಿ ಇಂಧನವನ್ನು ಮಂಜಿನಂತೆ ಬಿಡಬೇಕು. ನಿಲ್ಲಿಸಿದ ಮೇಲೆ ತುದಿ ಒಣಗಿರಬೇಕು. ಸದ್ದಿಲ್ಲದೆ ಪಿಚಕಾರಿಯಂತೆ ದಾರವಾಗಿ ಹೋದರೆ, ಒಂದು ಕಡೆಗೆ ವಾಲಿದರೆ, ತುದಿಯಲ್ಲಿ ಹನಿ ತೂಗಾಡಿದರೆ ಆ ನಾಝಲ್ ಕೆಟ್ಟಿದೆ. ಮುಳ್ಳು 200ಕ್ಕೆ ಮೊದಲೇ, 150ಕ್ಕೋ 160ಕ್ಕೋ ಬಿಟ್ಟುಕೊಟ್ಟರೆ ಸ್ಪ್ರಿಂಗ್ ಸೋತಿದೆ. ಆ ಮಂಜಿಗೆ ಕೈ ಮಾತ್ರ ಒಡ್ಡಬೇಡಿ, ಆ ಒತ್ತಡದಲ್ಲಿ ಎಣ್ಣೆ ಚರ್ಮದೊಳಗೇ ನುಗ್ಗುತ್ತದೆ. ಹಳ್ಳಿ ಎಂಜಿನ್‌ಗಳ ಕರಿ ಹೊಗೆಯಲ್ಲಿ ಎಷ್ಟೋ ಪಾಲು ಇಂಥ ನಾಝಲ್‌ನದ್ದು ಮತ್ತು ಹಿಟ್ಟಿನ ಧೂಳು ಕಟ್ಟಿದ ಏರ್ ಕ್ಲೀನರ್‌ನದ್ದು. ಗಿರಣಿಯಲ್ಲಂತೂ ಏರ್ ಕ್ಲೀನರ್ ಬೇಗ ಕಟ್ಟಿಕೊಳ್ಳುತ್ತದೆ. ಇವೆರಡನ್ನು ಸರಿಮಾಡಿಸಿದರೆ ಬಯೋಡೀಸೆಲ್ ಇಲ್ಲದೆಯೇ ನಿಮಗೆ ವ್ಯತ್ಯಾಸ ಗೊತ್ತಾಗುತ್ತದೆ.

ಅಳಿಯ ಎತ್ತಿದ ನೈಟ್ರೋಜನ್ ಪ್ರಶ್ನೆ ನಿಜಕ್ಕೂ ಒಳ್ಳೆಯದು. ಗಾಳಿಯಲ್ಲಿ ನೂರಕ್ಕೆ 78 ಪಾಲು ನೈಟ್ರೋಜನ್ನೇ ಇದೆ. ಅದು ಸಾಮಾನ್ಯವಾಗಿ ಯಾರ ತಂಟೆಗೂ ಹೋಗುವುದಿಲ್ಲ. ಉರಿಯ ಬಿಸಿ ಸುಮಾರು 1500 ಡಿಗ್ರಿ ಸೆಲ್ಸಿಯಸ್ ದಾಟಿದರೆ ಆಮ್ಲಜನಕದ ಜೊತೆ ಸೇರಿಬಿಡುತ್ತದೆ. ಅಂದರೆ ಈ ಅನಿಲ ಬಯೋಡೀಸೆಲ್‌ನಿಂದ ಬರುವುದಲ್ಲ, ಗಾಳಿಯಿಂದ ಬರುವುದು. ಬಯೋಡೀಸೆಲ್ ಮಾಡುವುದು ಉರಿಯನ್ನು ಸ್ವಲ್ಪ ಬದಲಿಸುವುದಷ್ಟೇ. ಅದು ಹೇಗೆ ಅನ್ನುವುದು ಸ್ವಾರಸ್ಯವಾಗಿದೆ. ಹಳೇ ಎಂಜಿನ್‌ನಲ್ಲಿ ಪಂಪು ಒತ್ತಿದ ಒತ್ತಡ ಉಕ್ಕಿನ ಪೈಪಿನಲ್ಲಿ ಸಾಗಿ ನಾಝಲ್ ಸೂಜಿಯನ್ನು ಎತ್ತಬೇಕು. ಬಯೋಡೀಸೆಲ್ ಒತ್ತಿದರೆ ಡೀಸೆಲ್‌ಗಿಂತ ಕಡಿಮೆ ಕುಗ್ಗುತ್ತದೆ. ಹಾಗಾಗಿ ಒತ್ತಡ ಬೇಗ ತಲುಪಿ ಸೂಜಿ ಒಂದು ಚೂರು ಮೊದಲೇ ಏಳುತ್ತದೆ. ಮೊದಲೇ ಸಿಂಪಡಿಸಿದ್ದು ಮೊದಲೇ ಹೊತ್ತಿ, ಸಿಲಿಂಡರಿನ ಬಿಸಿಯನ್ನು ಏರಿಸುತ್ತದೆ. ಮಸಿ ಕಡಿಮೆಯಾಗುವುದೂ ಇಲ್ಲಿ ತಿರುಗಿ ಹೊಡೆಯುತ್ತದೆ. ಕೆಂಪಗೆ ಕಾದ ಮಸಿ ಉರಿಯ ಬಿಸಿಯನ್ನು ಸುತ್ತಲಿನ ಗೋಡೆಗೆ ಚೆಲ್ಲುತ್ತಿತ್ತು. ಮಸಿ ಇಲ್ಲದಿದ್ದರೆ ಆ ಬಿಸಿ ಉರಿಯಲ್ಲೇ ಉಳಿಯುತ್ತದೆ.

ಯಾವ ಎಣ್ಣೆಯಿಂದ ಬಯೋಡೀಸೆಲ್ ಮಾಡಿದ್ದು ಅನ್ನುವುದೂ ಮುಖ್ಯ. ಅಣುವಿನಲ್ಲಿ ಇಂಗಾಲದ ಪರಮಾಣುಗಳ ನಡುವೆ ಜೋಡಿ ಬಂಧಗಳು ಜಾಸ್ತಿ ಇದ್ದಷ್ಟು ನೈಟ್ರೋಜನ್ ಆಕ್ಸೈಡ್ ಜಾಸ್ತಿ. ಸೋಯಾದಲ್ಲಿ ಅವು ಜಾಸ್ತಿ. ಹೊಂಗೆಯಲ್ಲಿ ಅರ್ಧಕ್ಕೂ ಹೆಚ್ಚು ಒಲೀಯಿಕ್ ಆಮ್ಲ, ಒಂದೇ ಜೋಡಿ ಬಂಧ. ಹಾಗಾಗಿ ಸೋಯಾದಷ್ಟು ಕಾಟ ಇದರಲ್ಲಿ ಇರಬಾರದು. ಕೊಬ್ಬರಿ ಎಣ್ಣೆಯಲ್ಲಿ ಜೋಡಿ ಬಂಧ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಫಿಲಿಪ್ಪೀನ್ಸ್ ದೇಶದಲ್ಲಿ ಡೀಸೆಲ್‌ಗೆ ಬೆರೆಸುವುದು ಕೊಬ್ಬರಿಯ ಬಯೋಡೀಸೆಲ್ಲನ್ನೇ. ತಿಪಟೂರು, ಅರಸೀಕೆರೆ ಕಡೆಯವರಿಗೆ ಇದು ಕೇಳಲು ಖುಷಿಯಾಗಬಹುದು. ಆದರೆ ಕೊಬ್ಬರಿ ತಿನ್ನುವ ಪದಾರ್ಥ, ಬೆಲೆಯೂ ಜಾಸ್ತಿ. ನಮಗೆ ಬೇಲಿ, ಬದುವಿನ ಹೊಂಗೆಯೇ ಸರಿ.

ಶೇ 2 ಅನ್ನುವ ಅಂಕಿಯ ಬಗ್ಗೆ ಪರಿಣತರಲ್ಲೇ ಬಹಳ ಚರ್ಚೆ ನಡೆದಿದೆ. ಅಮೆರಿಕದ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯ 2006ರಲ್ಲಿ ಪೂರ್ತಿ ವಾಹನಗಳನ್ನೇ ರೋಲರ್ ಮೇಲೆ ಓಡಿಸಿ ನೋಡಿ, 20 ಪಾಲಿನ ಮಿಶ್ರಣದಲ್ಲಿ ಸರಾಸರಿ ಏರಿಕೆ ಇಲ್ಲ ಎಂದಿತು. ಕ್ಯಾಲಿಫೋರ್ನಿಯಾ ಒಪ್ಪಲಿಲ್ಲ. ಅಲ್ಲಿ ಹೊಗೆಮಂಜಿನ ಸಮಸ್ಯೆ ಜೋರು, ಹಾಗಾಗಿ ಬಯೋಡೀಸೆಲ್‌ಗೆ ನೈಟ್ರೋಜನ್ ಆಕ್ಸೈಡ್ ತಗ್ಗಿಸುವ ರಾಸಾಯನಿಕ ಸೇರಿಸಬೇಕೆಂಬ ನಿಯಮವನ್ನೇ ತಂದರು. ನನ್ನ ಅಭಿಪ್ರಾಯ ಕೇಳಿದರೆ, ಸಾವಿರಾರು ಲಾರಿ ಓಡುವ ಊರಿಗೆ ಆ ಶೇ 2 ದೊಡ್ಡದು. ಒಂದು ಗಿರಣಿಗೆ ಅದು ಲೆಕ್ಕಕ್ಕಿಲ್ಲ. ಪೂರ್ತಿ ಬಯೋಡೀಸೆಲ್ ಹಾಕುವುದಾದರೆ ಪಂಪಿನ ಕೆಳಗೆ ಶಿಮ್ (ತೆಳು ತಗಡು) ಸೇರಿಸಿ ಟೈಮಿಂಗ್ ಒಂದೆರಡು ಡಿಗ್ರಿ ತಡ ಮಾಡಿಸಬಹುದು. ಅದಕ್ಕೂ ಬೆಲೆ ಇದೆ. ತಡ ಮಾಡಿದಷ್ಟು ಮಸಿ ಮತ್ತೆ ಸ್ವಲ್ಪ ಏರುತ್ತದೆ, ಇಂಧನವೂ ಜಾಸ್ತಿ ಕುಡಿಯುತ್ತದೆ. 20 ಪಾಲಿಗೆ ಟೈಮಿಂಗ್ ಮುಟ್ಟುವ ಅಗತ್ಯವೇ ಇಲ್ಲ.

ಅಮ್ಮನ ವಿಷಯ ಇದಕ್ಕಿಂತ ದೊಡ್ಡದು. ನೈಟ್ರೋಜನ್ ಡಯಾಕ್ಸೈಡ್ ಶ್ವಾಸನಾಳವನ್ನು ಕೆರಳಿಸುತ್ತದೆ, ಉಬ್ಬಸ ಇದ್ದವರಿಗೆ ಬೇಗ ತಟ್ಟುತ್ತದೆ. ಡೀಸೆಲ್ ಮಸಿಯ ಕಣಗಳೂ ಅಷ್ಟೇ ಕೆಟ್ಟವು, ತೀರಾ ಸಣ್ಣವಾದ್ದರಿಂದ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಇಂಧನ ಬದಲಿಸಿ ಕಣಗಳನ್ನು ಶೇ 10 ಇಳಿಸುವುದಕ್ಕಿಂತ, ಹೊಗೆ ಅವರ ಮೂಗಿಗೆ ಬಾರದಂತೆ ಮಾಡುವುದು ಎಷ್ಟೋ ಪಾಲು ಪರಿಣಾಮಕಾರಿ. ಪೈಪನ್ನು ಗಿರಣಿಯ ಮುಂದಿನ ಕಡೆಗೆ, ಸೂರಿಗಿಂತ ಎತ್ತರಕ್ಕೆ ಒಯ್ಯಿಸಿ. ಬಾಗುಗಳು ಕಡಿಮೆ ಇರಲಿ, ಪೈಪು ಉದ್ದವಾದಷ್ಟು ಅಗಲವೂ ಜಾಸ್ತಿ ಇರಲಿ. ಇಲ್ಲದಿದ್ದರೆ ಹೊಗೆ ಹೊರಗೆ ಹೋಗಲಾರದೆ ಎಂಜಿನ್ ಉಸಿರುಗಟ್ಟಿ ಮಸಿ ಜಾಸ್ತಿ ಮಾಡುತ್ತದೆ. ಎಂಜಿನ್ ಓಡುವಾಗ ಮನೆಯ ಆ ಕಡೆಯ ಕಿಟಕಿ ಮುಚ್ಚಿರಲಿ. ಎಂಜಿನ್ ಇರುವ ಕೋಣೆಯನ್ನು ಮಾತ್ರ ಎಂದೂ ಮುಚ್ಚಬೇಡಿ. ಬಯೋಡೀಸೆಲ್ಲಿನಿಂದ ಕಾರ್ಬನ್ ಮೊನಾಕ್ಸೈಡ್ ಅರ್ಧಕ್ಕೆ ಇಳಿದರೂ ಮುಚ್ಚಿದ ಕೋಣೆಯಲ್ಲಿ ಉಳಿದ ಅರ್ಧವೇ ಪ್ರಾಣ ತೆಗೆಯಬಹುದು. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ.

ವಾಸನೆ ಅಂದಾಗ ನೆನಪಾಯಿತು. ಬಯೋಡೀಸೆಲ್ ಹೊಗೆ ಬೋಂಡಾ ಕರಿದ ಎಣ್ಣೆಯ ವಾಸನೆ ಬರುತ್ತದೆ, ಅದು ಸಹಜ. ಆದರೆ ಕಣ್ಣು ಚುರುಗುಟ್ಟಿ ನೀರು ಬಂದರೆ ಹುಷಾರು. ಅದು ಅಲ್ಡಿಹೈಡ್‌ಗಳ ಗುರುತು. ಅದರಲ್ಲೂ ಅಕ್ರೋಲೀನ್ ಬಹಳ ಕೆಟ್ಟದ್ದು, ಗ್ಲಿಸರಿನ್ ಅರೆಬರೆ ಸುಟ್ಟಾಗ ಹುಟ್ಟುತ್ತದೆ. ಸರಿಯಾಗಿ ತಯಾರಿಸಿ ತೊಳೆದ ಬಯೋಡೀಸೆಲ್ಲಿನಲ್ಲಿ ಒಟ್ಟು ಗ್ಲಿಸರಿನ್ ಶೇ 0.25 ದಾಟಬಾರದು ಅನ್ನುವುದು ನಿಯಮ. ನಮ್ಮ ದೇಶದಲ್ಲಿ ಬಯೋಡೀಸೆಲ್ ಗುಣಮಟ್ಟಕ್ಕೆ ಐಎಸ್ 15607 ಅನ್ನುವ ಮಾನಕ ಇದೆ. ಕೊಳ್ಳುವಾಗ ಅದರ ಟೆಸ್ಟ್ ರಿಪೋರ್ಟ್ ಕೇಳಿ. ಬಯೋಡೀಸೆಲ್ ಹೆಸರಿನಲ್ಲಿ ಕಾರ್ಖಾನೆಯ ಎಣ್ಣೆ ಬೆರೆಸಿ ಮಾರುವವರೂ ಇದ್ದಾರೆ. ಅದರ ಹೊಗೆಯಲ್ಲಿ ಏನು ಬರುತ್ತದೆ ಅನ್ನುವುದಕ್ಕೆ ಯಾವ ಪುಸ್ತಕದಲ್ಲೂ ಉತ್ತರ ಸಿಗುವುದಿಲ್ಲ.

ರಿಪೋರ್ಟ್ ಜೊತೆಗೆ ಕೈಯಲ್ಲೇ ಒಂದೆರಡು ಪರೀಕ್ಷೆ ಮಾಡಬಹುದು. ಗಾಜಿನ ಬಾಟಲಿಯಲ್ಲಿ ಅರ್ಧ ನೀರು, ಅರ್ಧ ಬಯೋಡೀಸೆಲ್ ಹಾಕಿ ಜೋರಾಗಿ ಕುಲುಕಿ ಇಡಿ. ಅರ್ಧ ಗಂಟೆಯೊಳಗೆ ಎರಡೂ ಬೇರೆಯಾಗಿ, ಕೆಳಗಿನ ನೀರು ತಿಳಿಯಾಗಬೇಕು. ನಡುವೆ ಮೊಸರಿನಂಥ ಬಿಳಿ ಪದರ ನಿಂತರೆ ಅದರಲ್ಲಿ ಸಾಬೂನು ಉಳಿದಿದೆ. ಇನ್ನೊಂದು ಪರೀಕ್ಷೆಯನ್ನು ತಯಾರಿಸುವ ಜಾಗದಲ್ಲೇ ಮಾಡಿ ತೋರಿಸಲು ಹೇಳಿ. 27 ಎಂ.ಎಲ್ ಮೆಥನಾಲ್‌ಗೆ 3 ಎಂ.ಎಲ್ ಬಯೋಡೀಸೆಲ್ ಹಾಕಿ ಕುಲುಕಬೇಕು. ಪೂರ್ತಿ ಕರಗಿ ತಿಳಿಯಾದರೆ ಒಳ್ಳೆಯದು. ತಳದಲ್ಲಿ ಎಣ್ಣೆಯ ಗುಂಡು ಹನಿಗಳು ಕೂತರೆ ಅದು ಪೂರ್ತಿ ಬಯೋಡೀಸೆಲ್ ಆಗಿಲ್ಲ, ಹಸಿ ಎಣ್ಣೆ ಉಳಿದಿದೆ.

ಇನ್ನು ಬಿಳಿ ಹೊಗೆ. ಬಯೋಡೀಸೆಲ್ ಆವಿಯಾಗಲು 300 ಡಿಗ್ರಿಗಿಂತ ಮೇಲಿನ ಬಿಸಿ ಬೇಕು. ತಣ್ಣಗಿರುವ ಎಂಜಿನ್ ಶುರು ಮಾಡಿದಾಗ, ಲೋಡ್ ಇಲ್ಲದೆ ಸುಮ್ನೆ ಓಡಿಸುವಾಗ ಒಂದಷ್ಟು ಇಂಧನ ಸುಡದೆ ಹಾಗೇ ಹೊರಬರುತ್ತದೆ. ಆಗ ಮಸಿ ಕಡಿಮೆ ಇದ್ದರೂ, ತೀರಾ ಸಣ್ಣ ತೈಲ ಕಣಗಳು ಜಾಸ್ತಿ ಇರಬಹುದು. ಕಣಗಳ ಒಟ್ಟು ತೂಕ ಇಳಿದರೂ ಅವುಗಳ ಸಂಖ್ಯೆ ಏರಿದ ಪರೀಕ್ಷೆಗಳೂ ಇವೆ. ಬಿಳಿ ಹೊಗೆ ಮಸಿಯಲ್ಲ ಎಂದು ಸಮಾಧಾನ ಪಡಬೇಡಿ. ರಾಗಿ, ಗೋಧಿ ಎಲ್ಲ ಜೊತೆ ಮಾಡಿಟ್ಟುಕೊಂಡು, ಎಂಜಿನ್ ಶುರು ಮಾಡಿ, ಲೋಡ್ ಕೊಟ್ಟು ಓಡಿಸಿ, ಕೆಲಸ ಮುಗಿದ ಕೂಡಲೇ ನಿಲ್ಲಿಸಿ. ಗಿರಾಕಿ ಬರುವವರೆಗೆ ಸುಮ್ಮನೆ ಓಡಲು ಬಿಡಬೇಡಿ.

ಎಮಿಷನ್ ಟೆಸ್ಟ್ ಪಾಸಾದರೆ ಸಾಕಲ್ಲವಾ ಎಂದು ಕೆಲವರು ಕೇಳುತ್ತಾರೆ. ಡೀಸೆಲ್ ಗಾಡಿಯ ಆ ಪರೀಕ್ಷೆಯಲ್ಲಿ ಆಕ್ಸಿಲರೇಟರ್ ಒತ್ತಿ ಹೊಗೆ ಎಷ್ಟು ಬೆಳಕನ್ನು ತಡೆಯುತ್ತದೆ ಅನ್ನುವುದನ್ನು ಮಾತ್ರ ಅಳೆಯುತ್ತಾರೆ. ನೈಟ್ರೋಜನ್ ಆಕ್ಸೈಡ್ ಅಳೆಯುವುದೇ ಇಲ್ಲ, ಸೂಕ್ಷ್ಮ ಕಣಗಳನ್ನು ಎಣಿಸುವುದೂ ಇಲ್ಲ. ಬಯೋಡೀಸೆಲ್ ಹಾಕಿದ ಗಾಡಿ ಆ ಪರೀಕ್ಷೆಯಲ್ಲಿ ಚೆನ್ನಾಗಿ ಪಾಸಾಗಬಹುದು. ನಿಮ್ಮ ಅಳಿಯನ ಪ್ರಶ್ನೆಗೆ ಅದು ಉತ್ತರ ಅಲ್ಲ.

ಗಂಧಕದ ಮಾತು ಈಗ ಹಳೆಯದಾಯಿತು. ಬಯೋಡೀಸೆಲ್ಲಿನಲ್ಲಿ ಗಂಧಕ ಇಲ್ಲ ಎಂದು ಹಳೇ ಕರಪತ್ರಗಳಲ್ಲಿ ದೊಡ್ಡದಾಗಿ ಬರೆದಿರುತ್ತದೆ. ಆಗಿನ ಡೀಸೆಲ್ಲಿನಲ್ಲಿ ಗಂಧಕ ತುಂಬಾ ಇತ್ತು. 2020ರ ಏಪ್ರಿಲ್‌ನಿಂದ ಬಂಕಿನ ಡೀಸೆಲ್ಲಿನಲ್ಲೇ ಅದು ಹತ್ತು ಲಕ್ಷಕ್ಕೆ 10 ಪಾಲಿಗೆ ಇಳಿದಿದೆ.

ಪಿಕಪ್‌ಗೆ ಯಾಕೆ ಬೇಡ ಅನ್ನುತ್ತೇನೆ ಗೊತ್ತಾ? ಬಿಎಸ್4 ಡೀಸೆಲ್ ಕಾರಿಗೆ ಕಿಲೋಮೀಟರಿಗೆ 0.025 ಗ್ರಾಂ ಕಣಗಳ ಮಿತಿ ಇತ್ತು, ಬಿಎಸ್6ರಲ್ಲಿ ಅದು 0.0045 ಗ್ರಾಂ. ನೈಟ್ರೋಜನ್ ಆಕ್ಸೈಡ್ ಮಿತಿ 0.25ರಿಂದ 0.08 ಗ್ರಾಂಗೆ ಇಳಿಯಿತು. ಸೈಲೆನ್ಸರಿನ ದಾರಿಯಲ್ಲಿ ಕೂರಿಸಿದ, ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಮತ್ತು ನೈಟ್ರೋಜನ್ ಆಕ್ಸೈಡ್ ತೆಗೆಯುವ ಉಪಕರಣ ಇಲ್ಲದೆ ಇದು ಆಗುವ ಕೆಲಸ ಅಲ್ಲ. ಬಯೋಡೀಸೆಲ್ ಕೊಡುವ ಲಾಭಕ್ಕಿಂತ ಎಷ್ಟೋ ಪಟ್ಟು ಲಾಭ ಅಲ್ಲಿ ಈಗಾಗಲೇ ಸಿಕ್ಕಿದೆ. ಅದನ್ನು ಕೆಡಿಸಿಕೊಳ್ಳಬಾರದು ಅಷ್ಟೇ. ಸರಿಯಾಗಿ ತೊಳೆಯದ ಬಯೋಡೀಸೆಲ್ಲಿನಲ್ಲಿ ಕಾಸ್ಟಿಕ್‌ನ ಸೋಡಿಯಂ ಅಥವಾ ಪೊಟ್ಯಾಸಿಯಂ ಉಳಿದಿರುತ್ತದೆ, ಎಣ್ಣೆಯಿಂದ ಬಂದ ರಂಜಕವೂ ಇರುತ್ತದೆ. ಇವು ಸುಟ್ಟು ಬೂದಿಯಾಗಿ ಫಿಲ್ಟರಿನಲ್ಲಿ ಕೂರುತ್ತವೆ. ಮಸಿಯಾದರೆ ಫಿಲ್ಟರ್ ತಾನೇ ಸುಟ್ಟುಕೊಳ್ಳುತ್ತದೆ, ಬೂದಿಯನ್ನು ಸುಡಲಾಗುವುದಿಲ್ಲ. ಇನ್ನೂ ಒಂದು ತೊಂದರೆ ಇದೆ. ಫಿಲ್ಟರ್ ಮಸಿ ಸುಡಲು ಕೆಲವು ಎಂಜಿನ್‌ಗಳು ಸಿಲಿಂಡರಿಗೆ ಕೊನೆಯಲ್ಲಿ ಸ್ವಲ್ಪ ಹೆಚ್ಚುವರಿ ಇಂಧನ ಬಿಡುತ್ತವೆ. ಅದರಲ್ಲಿ ಒಂದಷ್ಟು ಗೋಡೆಗೆ ಬಡಿದು ಎಂಜಿನ್ ಆಯಿಲ್‌ಗೆ ಇಳಿಯುತ್ತದೆ. ಡೀಸೆಲ್ ಆದರೆ ಬಿಸಿಗೆ ಆವಿಯಾಗಿ ಹೋಗುತ್ತದೆ. ಬಯೋಡೀಸೆಲ್ ಅಲ್ಲೇ ಉಳಿದು ಆಯಿಲ್ ಕೆಡಿಸುತ್ತದೆ. ವಾರಂಟಿಯೂ ಹೋಗುತ್ತದೆ. ಬಂಕಿನ ಡೀಸೆಲ್ಲಿನಲ್ಲೇ ಕಂಪನಿಗಳು ಶೇ 7ರವರೆಗೆ ಬಯೋಡೀಸೆಲ್ ಬೆರೆಸಲು ಮಾನಕದಲ್ಲಿ ಅವಕಾಶ ಇದೆ. 2030ರ ಹೊತ್ತಿಗೆ ದೇಶದಲ್ಲಿ ಶೇ 5 ಬೆರೆಸಬೇಕು ಅನ್ನುವುದು 2018ರ ರಾಷ್ಟ್ರೀಯ ನೀತಿಯ ಗುರಿ. ಪಿಕಪ್‌ಗೆ ಅಷ್ಟೇ ಸಾಕು.

ಇಂಗಾಲದ ಡಯಾಕ್ಸೈಡ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸೈಲೆನ್ಸರಿನ ತುದಿಯಲ್ಲಿ ಅಳೆದರೆ ಅದು ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇರುವುದು ಮೂಲದಲ್ಲಿ. ಹೊಂಗೆ ಮರ ಗಾಳಿಯಿಂದ ಹೀರಿದ ಇಂಗಾಲವೇ ಮತ್ತೆ ಗಾಳಿಗೆ ಹೋಗುತ್ತದೆ. ಅಮೆರಿಕದ 1998ರ ಸರ್ಕಾರಿ ಅಧ್ಯಯನದ ಪ್ರಕಾರ ಸೋಯಾ ಬಯೋಡೀಸೆಲ್ಲಿನಿಂದ ಒಟ್ಟು ಲೆಕ್ಕದಲ್ಲಿ ಶೇ 78 ಉಳಿತಾಯ. ಅದೇ ಕಾಡು ಕಡಿದು, ಜೌಗು ನೆಲ ಒಣಗಿಸಿ ತಾಳೆ ಹಾಕಿದರೆ ಲೆಕ್ಕ ಪೂರ್ತಿ ತಲೆಕೆಳಗಾಗುತ್ತದೆ. ಹೊಂಗೆಗೆ ಆ ಕಳಂಕ ಇಲ್ಲ. ಬದುವಿನಲ್ಲಿ ನೆರಳು ಕೊಡುತ್ತದೆ, ಹಿಂಡಿ ಗೊಬ್ಬರಕ್ಕಾಗುತ್ತದೆ, ಸುಮಾರು 4 ಕೆ.ಜಿ ಬೀಜಕ್ಕೆ ಒಂದು ಲೀಟರ್ ಎಣ್ಣೆ ಸಿಗುತ್ತದೆ. ಈ ಮರದ ಮೇಲೆ ನನಗೆ ಪ್ರೀತಿ ಇರುವುದಕ್ಕೆ ಇದೂ ಒಂದು ಕಾರಣ.

ಬೆರೆಸಲು ತೀರ್ಮಾನಿಸಿದರೆ ಒಂದೇ ಸಲ 20ಕ್ಕೆ ಹೋಗಬೇಡಿ. 5 ಪಾಲಿನಿಂದ ಶುರು ಮಾಡಿ. ಬಯೋಡೀಸೆಲ್ ಒಳ್ಳೆಯ ದ್ರಾವಕ, ಹಳೇ ಟ್ಯಾಂಕಿನ ತಳದಲ್ಲಿ ವರ್ಷಗಟ್ಟಲೆ ಕಟ್ಟಿದ ಗಸಿಯನ್ನೆಲ್ಲ ಕೆರೆದು ತಂದು ಡೀಸೆಲ್ ಫಿಲ್ಟರಿಗೆ ತುಂಬುತ್ತದೆ. ಮೊದಲು ಟ್ಯಾಂಕ್ ತೊಳೆಸಿ, ಒಂದು ಹೊಸ ಫಿಲ್ಟರ್ ಕೈಯಲ್ಲಿಟ್ಟುಕೊಳ್ಳಿ. ಹಳೇ ರಬ್ಬರ್ ಪೈಪುಗಳು ಊದಿಕೊಂಡು ಸೋರಬಹುದು, ಆಗಾಗ ಮುಟ್ಟಿ ನೋಡಿ. ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಇಡಬೇಡಿ, ಬೇಗ ಕಮಟುತ್ತದೆ. ಕಮಟಿದ ಬಯೋಡೀಸೆಲ್ ಅಂಟಾಗಿ ನಾಝಲ್ ಕೆಡಿಸುತ್ತದೆ, ಹೊಗೆ ಮತ್ತೆ ಮೊದಲಿನಂತಾಗುತ್ತದೆ. ಮುಚ್ಚಿದ ಕ್ಯಾನಿನಲ್ಲಿ, ನೆರಳಲ್ಲಿಟ್ಟು, ಎರಡು ಮೂರು ತಿಂಗಳಲ್ಲಿ ಮುಗಿಯುವಷ್ಟು ಮಾತ್ರ ತನ್ನಿ. 20 ಪಾಲಿನಲ್ಲಿ ಇಂಧನದ ಖರ್ಚು ನೂರಕ್ಕೆ ಒಂದೆರಡು ಪಾಲು ಜಾಸ್ತಿ ಬರುತ್ತದೆ, ಅದು ಎಂಜಿನ್ ದೋಷ ಅಲ್ಲ.

ಎಂಜಿನ್ ಮೇಲೆ ಹೊಡೆದಿರುವ ತಗಡಿನ ಪ್ಲೇಟಿನಲ್ಲಿ ಎಚ್‌ಪಿ, ಆರ್‌ಪಿಎಂ ಮತ್ತು ಮಾಡೆಲ್ ಇರುತ್ತದೆ. ನಾಝಲ್ ಟೆಸ್ಟ್ ಮಾಡಿಸಿದಾಗ ಎಷ್ಟು ಬಾರ್‌ಗೆ ತೆರೆಯಿತು ಅನ್ನುವುದನ್ನೂ ಸೇರಿಸಿ ಬರೆದು ಕಳಿಸಿ. ಪೈಪು ಎಷ್ಟು ಅಗಲ ಇರಬೇಕು, ನಾಝಲ್ ಒತ್ತಡ ಎಷ್ಟಕ್ಕೆ ಏರಿಸಬೇಕು ಅನ್ನುವ ಲೆಕ್ಕ ಮಾಡಿ ತಿಳಿಸುತ್ತೇನೆ.